ಮಲೆನಾಡಿನಲ್ಲಿ ಬಸುರಿ, ಬಾಣಂತಿ, ಕೂಸು: ಏಳನೇ ತಿಂಗಳಿಂದಲೇ ಶುರು ಮಾಡಬೇಕಾದ ತಯಾರಿ

ಡಾಕ್ಟರು ಹೆರಿಗೆ ತಾರೀಖು ಹೇಳಿದ ದಿನ ಮನೆಯಲ್ಲಿ ಯಾರಾದರೂ ಪಂಚಾಂಗ ತೆಗೆದೇ ತೆಗೆಯುತ್ತಾರೆ. ತೆಗೆಯಲಿ ಬಿಡಿ. ನೀವು ಮಾತ್ರ ತಿಂಗಳು ಯಾವುದು ಅಂತ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ತಯಾರಿ ಒಂದು ಥರ, ಬೇಸಿಗೆಗೆ ಬಿದ್ದರೆ ಇನ್ನೊಂದು ಥರ. ಬೆಂಗಳೂರಿನವರಿಗೆ ಬರೆದ ಸಲಹೆಗಳಲ್ಲಿ ಈ ವಿಷಯ ಇರುವುದಿಲ್ಲ. ಅವರಿಗೆ ಟ್ರಾಫಿಕ್ ಚಿಂತೆ, ನಮಗೆ ಹಳ್ಳದ ಚಿಂತೆ.

ಇನ್ನೊಂದು ಮಾತು. ‘ಒಳ್ಳೆ ಹೆರಿಗೆ’ ಅಂದರೆ ನಾರ್ಮಲ್ ಹೆರಿಗೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹೆತ್ತವಳಿಗೆ ಏನು ನಡೆಯುತ್ತಿದೆ ಅಂತ ಗೊತ್ತಿತ್ತಾ, ಅವಳನ್ನು ಕೇಳಿ ಮಾಡಿದರಾ, ಹೆದರಿದಾಗ ಕೈ ಹಿಡಿಯಲು ಯಾರಾದರೂ ಇದ್ದರಾ? ಇದಕ್ಕೆಲ್ಲ ಹೌದು ಅಂತಾದರೆ ಸಿಸೇರಿಯನ್ನೂ ಒಳ್ಳೆ ಹೆರಿಗೆಯೇ.

ಮೊದಲು ದಾರಿ ನೋಡಿ

ಹೇಳಿದ ತಾರೀಖಿಗೇ ಹುಟ್ಟುವ ಮಕ್ಕಳು ಕಡಿಮೆ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ನೋವು ಬರಬಹುದು. ಹಾಗಾಗಿ 36ನೇ ವಾರಕ್ಕೆ ದಾರಿಯ ವ್ಯವಸ್ಥೆ ಪೂರ್ತಿ ಮುಗಿದಿರಬೇಕು.

ಆಗುಂಬೆ, ಹುಲಿಕಲ್, ಹೊಸನಗರ ತಾಲ್ಲೂಕಿನ ನಗರ, ಈ ಊರುಗಳ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ರಸ್ತೆಗೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿಯಾಗಿ ನೆಟ್‌ವರ್ಕ್ ಹೋಗುತ್ತದೆ, ಆಮೇಲೆ 108ಕ್ಕೆ ಫೋನ್ ಮಾಡಬೇಕು ಅಂದರೆ ಗುಡ್ಡ ಹತ್ತಬೇಕು. ಆದ್ದರಿಂದ ಇಷ್ಟು ಮಾಡಿ. ಊರಲ್ಲಿ ಜೀಪೋ ಕಾರೋ ಇರುವ ಇಬ್ಬರನ್ನು ಮೊದಲೇ ಕೇಳಿಡಿ. ಒಬ್ಬರು ಸಾಲದು, ಅವರು ಅವತ್ತೇ ಮದುವೆಗೆ ಹೋಗಿರುತ್ತಾರೆ. ಅವರ ನಂಬರು, ಆಶಾ ಕಾರ್ಯಕರ್ತೆ ನಂಬರು, ಆಸ್ಪತ್ರೆ ನಂಬರು, 108, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಫೋನಿನೊಳಗೆ ಮಾತ್ರ ಇದ್ದರೆ ಪ್ರಯೋಜನ ಇಲ್ಲ. ಟಾರ್ಚು, ಪವರ್ ಬ್ಯಾಂಕು ಚಾರ್ಜ್ ಆಗಿರಲಿ. ಮನೆಯಿಂದ ರಸ್ತೆಗೆ ಸಂಕ (ಹಳ್ಳದ ಮೇಲಿನ ಮರದ ಕಾಲುಸೇತುವೆ) ದಾಟಿ ಬರಬೇಕು ಅಂತಿದ್ದರೆ, ಅಥವಾ ತೋಟದ ನಡುವೆ ಕಿಲೋಮೀಟರುಗಟ್ಟಲೆ ಕಾಲುದಾರಿ ಇದ್ದರೆ, ಮಳೆಗಾಲದ ಹೆರಿಗೆಗೆ ಒಂದೇ ಉಪಾಯ: 37ನೇ ವಾರಕ್ಕೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಶಿವಮೊಗ್ಗದಲ್ಲೋ ಇರುವ ನೆಂಟರ ಮನೆಗೆ ಹೋಗಿ ಕೂತುಬಿಡಿ. ಸಂಕೋಚ ಬೇಡ. ಎರಡು ಮೂರು ವಾರ ನೆಂಟರ ಮನೆಯ ಮುಜುಗರ ತಡೆದುಕೊಳ್ಳಬಹುದು, ನಡುರಾತ್ರಿ ತುಂಬಿದ ಹಳ್ಳದ ಮುಂದೆ ನಿಲ್ಲಲು ಆಗುವುದಿಲ್ಲ.

ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ ಈಗ ಒಂದು ಅನುಕೂಲ ಆಗಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ರಾತ್ರಿ ಹೊತ್ತು ಹಿನ್ನೀರು ದಾಟಿಸುವ ಲಾಂಚ್ ಇಲ್ಲ ಅನ್ನುವ ಹೆದರಿಕೆ ಇಲ್ಲ. ಎಷ್ಟೋ ಬಸುರಿಯರು ಅದಕ್ಕಾಗಿಯೇ ತಿಂಗಳು ಮೊದಲೇ ಊರು ಬಿಡಬೇಕಿತ್ತು.

ಬೇಸಿಗೆಯ ಬಸುರಿಯರಿಗೆ ರಸ್ತೆ ಚಿಂತೆ ಕಡಿಮೆ. ಆದರೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ದರಗು (ಒಣ ಎಲೆ) ತರಲು, ಸೌದೆ ತರಲು ಕಾಡಿಗೆ ಹೋಗಬೇಡಿ. ಕಾಡಿಗೆ ಹೋಗಿ ಬಂದವರು ಬಟ್ಟೆ ಬದಲಿಸಿ, ಮೈ ತೊಳೆದು ಒಳಗೆ ಬರಲಿ. ಈ ಕಾಯಿಲೆ ಹರಡುವ ಉಣ್ಣಿ ಬಟ್ಟೆಯಲ್ಲಿ ಕೂತು ಮನೆಗೇ ಬರುತ್ತದೆ.

ಯಾವ ಆಸ್ಪತ್ರೆ ಅಂತ ತೀರ್ಮಾನ ಮಾಡಿ

ಬಿಪಿ ಜಾಸ್ತಿ ಇದ್ದರೆ, ಸಕ್ಕರೆ ಇದ್ದರೆ, ಅವಳಿ ಇದ್ದರೆ, ಮಗು ಅಡ್ಡ ಅಥವಾ ಕಾಲು ಕೆಳಗಾಗಿ ಕೂತಿದ್ದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ, ರಕ್ತ ತೀರಾ ಕಡಿಮೆ ಇದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ದೊಡ್ಡ ಆಸ್ಪತ್ರೆಯೇ ಸರಿ. ಶಿವಮೊಗ್ಗದ ಮೆಗ್ಗಾನ್ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ, ಮೆಡಿಕಲ್ ಕಾಲೇಜಿನದು. ಘಟ್ಟದ ಅಂಚಿನವರು ಕೆಲವರು ಮಣಿಪಾಲಕ್ಕೋ ಕುಂದಾಪುರಕ್ಕೋ ಇಳಿಯುತ್ತಾರೆ. ಇಳಿಯುವುದಾದರೆ ಮಳೆಗಾಲದಲ್ಲಿ ಘಾಟಿ ತೆರೆದಿದೆಯಾ ಅಂತ ದಿನಾ ವಿಚಾರಿಸಬೇಕು. ಏನೂ ತೊಂದರೆ ಇಲ್ಲದ ಬಸುರಿಗೆ ತಾಲ್ಲೂಕು ಆಸ್ಪತ್ರೆ ಸಾಕು, ಆದರೆ ಕೇಳಿಕೊಂಡು ಹೋಗಿ.

ಕೇಳಬೇಕಾದ್ದು ಏನು? ರಾತ್ರಿ ಹೊತ್ತು ಸಿಸೇರಿಯನ್ ಬೇಕಾದರೆ ಅರಿವಳಿಕೆ ಡಾಕ್ಟರು ಸಿಗುತ್ತಾರಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ರಕ್ತ ಇದೆಯಾ? ಮಕ್ಕಳ ಡಾಕ್ಟರು ಇದ್ದಾರಾ? ನೋವು ತಿನ್ನುವಾಗ ಓಡಾಡಲು ಬಿಡುತ್ತೀರಾ? ಜೊತೆಗೆ ಒಬ್ಬರು ಇರಬಹುದಾ? ಈ ಕೊನೆಯ ಪ್ರಶ್ನೆ ಬಿಡಬೇಡಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾತಿ ಇರಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅವಕಾಶ ಕೊಟ್ಟಿದೆ. ಕೇಳಿದರೆ ಸಿಡುಕುವವರೂ ಇರುತ್ತಾರೆ. ಸಿಡುಕಲಿ, ಕೇಳುವುದು ನಿಮ್ಮ ಹಕ್ಕು.

ದುಡ್ಡಿನ ಮಾತು ಇಲ್ಲೇ ಮುಗಿಸುತ್ತೇನೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಇದರಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲ ಪುಕ್ಕಟೆ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅರ್ಜಿಗೆ ಅಂಗನವಾಡಿಯಲ್ಲಿ ಕೇಳಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಲಿ.

ತಾಯಿ ಕಾರ್ಡು, ಮಾತ್ರೆ, ಟೆಸ್ಟು

ತಾಯಿ ಕಾರ್ಡನ್ನು ಬೀರುವಿನಲ್ಲಿ ಇಡಬೇಡಿ, ಆಸ್ಪತ್ರೆ ಚೀಲದಲ್ಲೇ ಇರಲಿ. ರಕ್ತದ ಗುಂಪು ನೆಗೆಟಿವ್ ಇದ್ದು ಗಂಡನದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಈಗಲೇ ಕೇಳಿ. ಸಾಮಾನ್ಯವಾಗಿ 28ನೇ ವಾರಕ್ಕೆ ಒಮ್ಮೆ ಕೊಡುತ್ತಾರೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ.

ಕಬ್ಬಿಣದ ಮಾತ್ರೆ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಹೆಂಗಸರು ಇದನ್ನು ತಿನ್ನದೆ ಡಬ್ಬಿಯಲ್ಲಿ ಕೂಡಿಡುತ್ತಾರೆ. ವಾಂತಿ ಬರುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗುತ್ತದಂತೆ ಅಂತ ಬೇರೆ ಯಾರೋ ಹೆದರಿಸಿರುತ್ತಾರೆ. ಮಲ ಕಪ್ಪಾಗುವುದು ನಿಜ, ಅದರಿಂದ ಏನೂ ಆಗುವುದಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಾಗಿದ್ದವಳಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ಈ ಮಾತ್ರೆ ತಿನ್ನಬೇಕು. ರಾತ್ರಿ ಊಟ ಮಾಡಿ ಮಲಗುವ ಮುಂಚೆ ತಿಂದರೆ ವಾಕರಿಕೆ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ತಿನ್ನಬೇಡಿ. ಕಾಫಿ, ಟೀ ಜೊತೆಯಂತೂ ಬೇಡವೇ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಊಟ ಆದ ಕೂಡಲೇ ಕಾಫಿ ಕುಡಿಯುವ ಮಲೆನಾಡಿನ ಅಭ್ಯಾಸ ಇದೆಯಲ್ಲ, ಅದನ್ನು ಒಂದು ಗಂಟೆ ಮುಂದೆ ಹಾಕಿ. ನುಗ್ಗೆ ಸೊಪ್ಪು, ಬಸಳೆ, ಕಾಳು, ಮೊಟ್ಟೆ, ಮೀನು ತಿನ್ನಿ, ಅನ್ನಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ನಡೆಯುತ್ತದೆ, ತಪ್ಪಿಸಬೇಡಿ.

ಏಳನೇ ತಿಂಗಳ ನಂತರ ದಿನಾ ಒಂದು ಹೊತ್ತು ಎಡಕ್ಕೆ ಮಲಗಿ ಮಗುವಿನ ಅಲುಗಾಟ ಗಮನಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗಿದರೆ ಚಿಂತೆ ಇಲ್ಲ. ದಿನಾ ಆಡುತ್ತಿದ್ದ ಮಗು ಸುಮ್ಮನಾಯಿತು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಹಾಗೆಯೇ ರಕ್ತ ಹೋಗುವುದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ–ಕೈ ದಿಢೀರ್ ಊದುವುದು, ಪಕ್ಕೆಲುಬಿನ ಕೆಳಗೆ ನೋವು, ಜ್ವರ, ಫಿಟ್ಸ್, ಇವು ಯಾವುದು ಬಂದರೂ ಆ ಕ್ಷಣ ಹೊರಡಬೇಕು. ಕಾಲು ಊದುವುದು ಸಹಜ ಅಂತ ಅಜ್ಜಿ ಹೇಳುತ್ತಾರೆ. ಅರ್ಧ ನಿಜ. ಬಿಪಿ ನೋಡಿಸದೆ ಸಹಜ ಅಂತ ತೀರ್ಮಾನ ಮಾಡುವುದು ಹೇಗೆ?

ಮೈ, ಮನಸ್ಸು, ಜೊತೆಗಾತಿ

ಡಾಕ್ಟರು ಬೇಡ ಅಂದಿಲ್ಲವಾದರೆ ದಿನಾ ಅರ್ಧ ಗಂಟೆ ನಡೆಯಿರಿ. ಮಳೆ ಇದ್ದರೆ ಜಗಲಿಯಲ್ಲೇ, ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯಬೇಡಿ. ಉಸಿರಾಟ ಅಭ್ಯಾಸ ಮಾಡಿ: ಮೂಗಿನಿಂದ ನಿಧಾನ ಒಳಗೆ, ಬಾಯಿಂದ ಇನ್ನೂ ನಿಧಾನ ಹೊರಗೆ, ದವಡೆ ಭುಜ ಸಡಿಲ. ಮಲಗುವ ಮುಂಚೆ ಐದು ನಿಮಿಷ ಸಾಕು. ನೋವಿನ ಹೊತ್ತಿಗೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಜೊತೆಗಾತಿಯನ್ನು ಆರಿಸುವಾಗ ನೆಂಟಸ್ತಿಕೆ ನೋಡಬೇಡಿ, ಸ್ವಭಾವ ನೋಡಿ. ಅಮ್ಮ ನಿಮಗಿಂತ ಮೊದಲೇ ಅಳುವವರಾದರೆ ಚಿಕ್ಕಮ್ಮ ಬರಲಿ. ಅವರಿಗೆ ಮೊದಲೇ ಹೇಳಿ: ಸೊಂಟ ಒತ್ತಬೇಕು, ನೀರು ಕೊಡಬೇಕು, ‘ನಮ್ಮ ಕಾಲದಲ್ಲಿ’ ಕಥೆ ಹೇಳಬಾರದು. ಬೇರೆಯವರ ಭಯಂಕರ ಹೆರಿಗೆ ಕಥೆಗಳಿಗೆ ಸೀಮಂತದ ದಿನವೇ ಬೇಲಿ ಹಾಕಿ.

ಚೀಲ

ತಾಯಿ ಕಾರ್ಡು, ಸ್ಕ್ಯಾನ್ ವರದಿ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಮುಂದೆ ತೆರೆಯುವ ನೈಟಿ, ದೊಡ್ಡ ಪ್ಯಾಡು, ಒಳ ಉಡುಪು, ಬಿಸಿನೀರಿನ ಫ್ಲಾಸ್ಕ್, ಖರ್ಜೂರ, ಸ್ವಲ್ಪ ನಗದು. ಮಗುವಿಗೆ ತೊಳೆದು ಒಣಗಿಸಿದ ಮೆತ್ತನೆಯ ಹಳೇ ಪಂಚೆ ತುಂಡು ಎಂಟು ಹತ್ತು, ಟೊಪ್ಪಿ, ಕಾಲುಚೀಲ, ಮೆತ್ತನೆ ಹೊದಿಕೆ. ಮಳೆಗಾಲದಲ್ಲಿ ಬಟ್ಟೆ ಲೆಕ್ಕ ದುಪ್ಪಟ್ಟು ಇರಲಿ. ಬಟ್ಟೆ ಒಣಗುವುದಿಲ್ಲ ಅನ್ನುವುದೇ ಆಷಾಢದ ಬಾಣಂತನದ ದೊಡ್ಡ ತಲೆನೋವು. ಒಲೆಯ ಮೇಲೆ ಒಣಗಿಸಿದ್ದು ಹೊಗೆ ವಾಸನೆ ಬರುತ್ತದೆ, ಕರೆಂಟ್ ಇದ್ದಾಗ ಇಸ್ತ್ರಿ ಹಾಕಿ ಮಡಚಿಡಿ.

ನೋವು ಬಂತು, ಈಗ?

ಬಂದು ಹೋಗುವ, ಕ್ರಮ ಇಲ್ಲದ, ಮಗ್ಗುಲು ಬದಲಿಸಿದರೆ ನಿಲ್ಲುವ ನೋವು ಸುಳ್ಳು ನೋವು. ನಿಜವಾದದ್ದು ಸೊಂಟದಿಂದ ಹೊಟ್ಟೆಗೆ ಸುತ್ತಿ ಬರುತ್ತದೆ, ಬರುಬರುತ್ತಾ ಹತ್ತಿರ ಹತ್ತಿರ ಆಗುತ್ತದೆ. ಚೊಚ್ಚಲು ಬಸುರಿಗೆ ಈ ಮೊದಲ ಹಂತ ಬಹಳ ಉದ್ದ, ಅರ್ಧ ದಿನ ಅಥವಾ ಅದಕ್ಕೂ ಜಾಸ್ತಿ. ಆಗ ನಡೆಯಿರಿ, ಗಂಜಿ ಕುಡಿಯಿರಿ, ನಿದ್ದೆ ಬಂದರೆ ಮಾಡಿ.

ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದು ನೋವೂ ಸುಮಾರು ಒಂದು ನಿಮಿಷ ಇದ್ದು, ಒಂದು ಗಂಟೆ ಹೀಗೇ ನಡೆದರೆ ಆಸ್ಪತ್ರೆಗೆ ಹೊರಡಿ ಅಂತ ಪುಸ್ತಕದ ಲೆಕ್ಕ. ಅದು ಆಸ್ಪತ್ರೆ ಪಕ್ಕದ ಬೀದಿಯಲ್ಲಿದ್ದವರಿಗೆ. ಒಂದೂವರೆ ಗಂಟೆ ದಾರಿ ಇದ್ದರೆ ಹತ್ತು ನಿಮಿಷಕ್ಕೊಮ್ಮೆ ಬರುವಾಗಲೇ ಹೊರಡಿ. ಎರಡನೇ ಹೆರಿಗೆಯಾದರೆ ಇನ್ನೂ ಬೇಗ, ಅದು ಹೇಳದೆ ಕೇಳದೆ ಓಡುತ್ತದೆ. ನೀರು ಒಡೆದರೆ ನೋವು ಇರಲಿ ಬಿಡಲಿ ಹೊರಡಬೇಕು. ನೀರು ಹಸಿರು ಬಣ್ಣ ಇದ್ದರೆ ಒಂದು ನಿಮಿಷವೂ ತಡ ಬೇಡ.

ದಾರಿಯಲ್ಲೇ ಹೆರಿಗೆ ಆಗಿಹೋದರೆ? ನಮ್ಮ ಕಡೆ ಆಗುವುದುಂಟು, ಹಾಗಾಗಿ ಜೊತೆಗೆ ಬರುವವರು ಇದನ್ನು ಓದಿಕೊಳ್ಳಲಿ. ಗಾಡಿ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಮಗುವನ್ನು ಎಳೆಯಬೇಡಿ, ಬರುತ್ತಿದ್ದಂತೆ ಕೈಕೊಟ್ಟು ಹಿಡಿಯಿರಿ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒರೆಸುವುದರಲ್ಲೇ ಬಹಳಷ್ಟು ಮಕ್ಕಳು ಅಳುತ್ತವೆ. ಅಮ್ಮನ ಬರಿ ಎದೆಯ ಮೇಲೆ ಮಲಗಿಸಿ, ಮೇಲಿಂದ ಇಬ್ಬರಿಗೂ ಒಣಗಿದ್ದು ಹೊದಿಸಿ, ಮಗುವಿಗೆ ಟೊಪ್ಪಿ ಹಾಕಿ. ಹೊಕ್ಕುಳ ಬಳ್ಳಿಯನ್ನು ಕೊಯ್ಯಬೇಡಿ, ಎಳೆಯಬೇಡಿ. ಮೊಲೆ ಬಾಯಿಗೆ ಕೊಡಿ, ಅದರಿಂದ ಗರ್ಭಕೋಶ ಬಿಗಿಯಾಗಿ ರಕ್ತ ಕಡಿಮೆಯಾಗುತ್ತದೆ. ಮಾಸು ತಾನಾಗಿ ಬಿದ್ದರೆ ಒಂದು ಚೀಲದಲ್ಲಿ ಮಗುವಿನ ಜೊತೆಗೇ ಆಸ್ಪತ್ರೆಗೆ ತನ್ನಿ.

ಹೆರಿಗೆ ಕೋಣೆಯಲ್ಲಿ

ಅಂಗಾತ ಮಲಗಿಯೇ ನೋವು ತಿನ್ನಬೇಕು ಅಂತ ಎಲ್ಲೂ ಇಲ್ಲ. ನಿಲ್ಲಬಹುದು, ಮಂಚ ಹಿಡಿದು ಬಾಗಬಹುದು, ಮಗ್ಗುಲಾಗಬಹುದು. ಕೂಗಬೇಕು ಅನ್ನಿಸಿದರೆ ಕೂಗಿ. ಮುಕ್ಕುವ ಮನಸ್ಸು ತಾನಾಗಿ ಬರುವ ತನಕ ಮುಕ್ಕಬೇಡಿ. ಯಾವುದೇ ಇಂಜೆಕ್ಷನ್ ಕೊಡುವಾಗ, ಕೆಳಗೆ ಕೊಯ್ಯುವಾಗ ‘ಇದು ಯಾಕೆ?’ ಅಂತ ಜೊತೆಗಾತಿ ಮೆಲ್ಲಗೆ ಕೇಳಲಿ.

ಸಿಸೇರಿಯನ್ ಬೇಕು ಅಂದರೆ ಕಾರಣ ಕೇಳಿ, ತುರ್ತು ಇದೆಯಾ ಕೇಳಿ. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂದರೆ ವಾದ ಮಾಡುವ ಹೊತ್ತಲ್ಲ. ಒಳ್ಳೆ ದಿನ ಇದೆ ಅಂತ ಜ್ಯೋತಿಷಿ ಕೊಟ್ಟ ಮುಹೂರ್ತಕ್ಕೆ 37 ವಾರದ ಮಗುವನ್ನು ಹೊರಗೆ ತೆಗೆಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆ ಕೊನೆಯ ಎರಡು ವಾರದಲ್ಲಿ ಶ್ವಾಸಕೋಶ ಇನ್ನೂ ಬಲಿಯುತ್ತಿರುತ್ತದೆ.

ಹುಟ್ಟಿದ ಮೇಲೆ ಬಳ್ಳಿ ಕೊಯ್ಯಲು ಒಂದರಿಂದ ಮೂರು ನಿಮಿಷ ಕಾದರೆ ಮಗುವಿಗೆ ರಕ್ತ ಜಾಸ್ತಿ ಹೋಗುತ್ತದೆ. ಮಗುವನ್ನು ಬರಿ ಮೈಯಲ್ಲೇ ಎದೆಗೆ ಹಾಕಿಸಿಕೊಳ್ಳಿ. ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿ. ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು, ಒಂದೆರಡು ಚಮಚ ಅಷ್ಟೇ ಇರಬಹುದು. ಮಗುವಿನ ಹೊಟ್ಟೆಗೂ ಅಷ್ಟೇ ಸಾಕು. ಅದನ್ನು ಹಿಂಡಿ ಚೆಲ್ಲಿಸುವವರು ಈಗಲೂ ಇದ್ದಾರೆ, ಬಿಡಬೇಡಿ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ವಿಟಮಿನ್ ಕೆ, ಇಷ್ಟು ಆಯಿತಾ ಅಂತ ಮನೆಗೆ ಬರುವ ಮುಂಚೆ ಕಾರ್ಡಿನಲ್ಲಿ ನೋಡಿಕೊಳ್ಳಿ.

ಬಾಣಂತಿ ಕೋಣೆ: ಏನು ಇಟ್ಟುಕೊಳ್ಳೋಣ, ಏನು ಬಿಡೋಣ

ಮಲೆನಾಡಿನ ಬಾಣಂತನವನ್ನು ಪೂರ್ತಿ ತೆಗಳುವವಳು ನಾನಲ್ಲ. ತವರಿನಲ್ಲಿ ವಿಶ್ರಾಂತಿ, ಹಂಡೆಯ ಬಿಸಿನೀರು, ಬೆಳ್ಳುಳ್ಳಿ ಹಾಕಿದ ಕಾಳುಮೆಣಸಿನ ಸಾರು, ತುಪ್ಪ, ಅಂಟಿನುಂಡೆ, ಮನೆಗೆಲಸದಿಂದ ಬಿಡುವು, ಇದೆಲ್ಲ ಯಾವ ದೇಶದಲ್ಲಿ ಸಿಗುತ್ತದೆ ಹೇಳಿ?

ಆದರೆ ಬಾಣಂತಿಗೆ ನೀರು ಕೊಡಬಾರದು ಅನ್ನುವುದು ತಪ್ಪು. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ, ಬೇಕಾದಷ್ಟು ಕುಡಿಯಿರಿ, ಕಾಯಿಸಿ ಆರಿಸಿದ್ದಾದರೆ ಸರಿ. ಸೊಪ್ಪು, ತರಕಾರಿ, ಹಣ್ಣು ‘ಶೀತ’ ಅಂತ ಬಿಡಿಸಿದರೆ ಮಲಬದ್ಧತೆ ಆಗಿ ಹೊಲಿಗೆ ನೋವು ಹೆಚ್ಚಾಗುತ್ತದೆ. ದಿನಪೂರ್ತಿ ಮಲಗಿಸಿಡುವುದೂ ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೊಟ್ಟೆಗೆ ಬಟ್ಟೆ ಸಡಿಲವಾಗಿ ಕಟ್ಟಲಿ, ಉಸಿರು ಕಟ್ಟುವಷ್ಟು ಬೇಡ.

ಎಲ್ಲಕ್ಕಿಂತ ಅಪಾಯದ್ದು ಕೆಂಡದ ಅಗ್ಗಿಷ್ಟಿಕೆ. ಜಡಿ ಮಳೆ, ಥಂಡಿ ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಒಳಗೆ ಕೆಂಡ ಇಟ್ಟು ತಾಯಿ ಮಗು ಮಲಗುತ್ತಾರೆ. ಆ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಬೆಚ್ಚಗಿಡಲು ಅಮ್ಮನ ಎದೆಗಿಂತ ಒಳ್ಳೆ ಜಾಗ ಇಲ್ಲ: ಮಗುವನ್ನು ಬರಿ ಮೈಯಲ್ಲಿ ಎದೆಗೆ ಕಟ್ಟಿಕೊಂಡು ಮೇಲೆ ಕಂಬಳಿ ಹೊದ್ದು ಕೂತುಕೊಳ್ಳಿ. ಅಪ್ಪನ ಎದೆಯೂ ಆಗುತ್ತದೆ. ಸ್ನಾನದ ನಂತರ ಧೂಪದ ಹೊಗೆ ಹಿಡಿಯುವುದೂ ಬೇಡ, ಎಳೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ.

ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಜೇನಿನಲ್ಲಿ ಬೊಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದು, ಒಂದು ವರ್ಷ ತುಂಬುವ ತನಕ ಕೊಡಲೇಬಾರದು. ನಮ್ಮ ತೋಟದ ಶುದ್ಧ ತುಡುವೆ ಜೇನು ಅಂದರೂ ಅಷ್ಟೇ. ಕಿವಿಗೆ ಮೂಗಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ ಬೇಡ. ಹೊಕ್ಕುಳಿಗೆ ಅರಿಸಿನ, ಬೂದಿ ಹಚ್ಚಬೇಡಿ, ಒಣಗಿದ್ದರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಹುಟ್ಟಿ 24 ಗಂಟೆ ಆಗುವ ತನಕ ಸ್ನಾನ ಬೇಡ, ಆಮೇಲೂ ದಿನಾ ಆಗಲೇಬೇಕು ಅಂತಿಲ್ಲ.

ಅಜ್ಜಿಯ ಜೊತೆ ಜಗಳ ಆಗುತ್ತದೆ, ಅಲ್ವಾ? ಒಂದು ದಾರಿ ಇದೆ. ಹೆರಿಗೆಗೆ ಮುಂಚೆಯೇ ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗಿ, ನರ್ಸ್ ಬಾಯಲ್ಲೇ ಹೇಳಿಸಿ. ಎಣ್ಣೆ ಹಚ್ಚುವ ಕೆಲಸ ಅವರಿಗೆ ಬಿಟ್ಟುಕೊಡಿ. ಮೆಲ್ಲಗೆ ಹಚ್ಚಿದರೆ ಎಣ್ಣೆ ಒಳ್ಳೆಯದೇ.

ಹಾಲು, ಒದ್ದೆ ಬಟ್ಟೆ, ಕಾಮಾಲೆ, ನಿದ್ದೆ

ದಿನಕ್ಕೆ 8ರಿಂದ 12 ಸಲ ಹಾಲು ಕುಡಿಸಬೇಕು, ರಾತ್ರಿಯೂ. ಮಗು ಬಾಯಿ ದೊಡ್ಡದಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿಯಬೇಕು, ಗದ್ದ ಮೊಲೆಗೆ ತಾಗಿರಬೇಕು. ತೊಟ್ಟು ಮಾತ್ರ ಚೀಪಿದರೆ ತೊಟ್ಟು ಒಡೆಯುತ್ತದೆ, ಹಾಲೂ ಇಳಿಯುವುದಿಲ್ಲ. ನೋವಾದರೆ ಬೆರಳು ಹಾಕಿ ಬಿಡಿಸಿ ಮತ್ತೆ ಹಚ್ಚಿ. ‘ಹಾಲು ಸಾಲುತ್ತಿಲ್ಲ’ ಅಂತ ಯಾರಾದರೂ ಅಂದರೆ ಒದ್ದೆ ಬಟ್ಟೆ ಲೆಕ್ಕ ಹಾಕಿ. ಆರನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ. ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ, ಹತ್ತು ಹದಿನಾಲ್ಕು ದಿನಕ್ಕೆ ವಾಪಸ್ ಬರುತ್ತದೆ.

ಕಾಮಾಲೆ ಎರಡು ಮೂರನೇ ದಿನ ಬರುವುದು ಸಾಮಾನ್ಯ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಆಸ್ಪತ್ರೆಯ ನೀಲಿ ಬೆಳಕು ಬೇಕು. ಎಳೆ ಬಿಸಿಲಿಗೆ ಹಿಡಿದರೆ ಸಾಕು ಅಂತ ಕೂರಬೇಡಿ, ಆಷಾಢದಲ್ಲಿ ಆ ಬಿಸಿಲಾದರೂ ಎಲ್ಲಿದೆ? ವಿಟಮಿನ್ ಡಿ ಹನಿ ಬಗ್ಗೆಯೂ ಮಕ್ಕಳ ಡಾಕ್ಟರನ್ನು ಕೇಳಿ.

ಮಲಗಿಸುವುದು ಯಾವಾಗಲೂ ಅಂಗಾತ, ಗಟ್ಟಿ ಹಾಸಿಗೆ, ಮುಖದ ಹತ್ತಿರ ದಿಂಬು ಬೇಡ. ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ಹೊಕ್ಕುಳ ಸುತ್ತ ಕೆಂಪಾದರೆ, ಹಾಲು ಬಿಟ್ಟರೆ ಮನೆಮದ್ದು ಮಾಡಬೇಡಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕು ಅಂತ ನಿಯಮ ಇದೆ. ಬರದಿದ್ದರೆ ಫೋನ್ ಮಾಡಿ ಕರೆಯಿರಿ.

ಬಾಣಂತಿಯನ್ನು ಯಾರು ನೋಡುತ್ತಾರೆ?

ಮಗು ಬಂದ ಮೇಲೆ ಎಲ್ಲರ ಕಣ್ಣೂ ತೊಟ್ಟಿಲ ಮೇಲೆ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆ ಹೋದರೆ, ಕೆಟ್ಟ ವಾಸನೆ, ಜ್ವರ, ಒಂದೇ ಕಾಲು ಊದಿ ನೋಯುವುದು, ಹೆರಿಗೆ ಆದ ಮೇಲೂ ಜೋರು ತಲೆನೋವು ಇದ್ದರೆ ತುರ್ತು ಅಂತ ತಿಳಿಯಿರಿ.

ಮೊದಲ ವಾರ ಸುಮ್ನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ. ಎರಡು ವಾರ ದಾಟಿದ ಮೇಲೂ ಅಳು ನಿಲ್ಲದೆ, ಮಗು ಮಲಗಿದರೂ ನಿದ್ದೆ ಬಾರದೆ, ನಾನು ಇದ್ದು ಏನು ಪ್ರಯೋಜನ ಅನ್ನಿಸಿದರೆ ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ (ಟೆಲಿ-ಮಾನಸ್) 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲದ ದನಿ ಕೇಳಿಸುವುದು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸುವುದು ಇದ್ದರೆ ಅವಳನ್ನು ಒಬ್ಬಳೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಂಡಂದಿರಿಗೆ: ವಾರಕ್ಕೊಮ್ಮೆ ಮಾವನ ಮನೆಗೆ ಹಣ್ಣು ಹಿಡಿದು ಬಂದು ಊಟ ಮಾಡಿ ಹೋಗುವುದಲ್ಲ. ಅಡಿಕೆ ಕೊಯ್ಲು ಇದ್ದರೂ ರಾತ್ರಿ ಉಳಿಯಿರಿ. ಬಟ್ಟೆ ಬದಲಿಸಿ, ತೇಗಿಸಿ, ಅವಳು ಎರಡು ಗಂಟೆ ಒಂದೇ ಸಮ ನಿದ್ದೆ ಮಾಡಲಿ.

ಇನ್ನು ಕಾಗದ ಪತ್ರ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರೇ ಮಾಡುತ್ತಾರೆ, ಆದರೆ ಅಪ್ಪ ಅಮ್ಮನ ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಮಗುವಿನ ಹೆಸರು ಇನ್ನೂ ಇಟ್ಟಿಲ್ಲವಾದರೆ ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಆರನೇ ವಾರಕ್ಕೆ ಮಗುವಿನ ಮುಂದಿನ ಲಸಿಕೆ ಇರುತ್ತದೆ. ಅವತ್ತೇ ನಿಮ್ಮ ಬಿಪಿ, ಹಿಮೋಗ್ಲೋಬಿನ್, ಹೊಲಿಗೆ ತೋರಿಸಿ. ಮುಟ್ಟು ಬಾರದಿದ್ದರೂ ಮತ್ತೆ ಬಸುರಾಗಬಹುದು, ಹಾಗಾಗಿ ಕಾಪರ್ ಟಿ, ಇಂಜೆಕ್ಷನ್ ಯಾವುದು ಸರಿ ಅಂತ ಅಲ್ಲೇ ಕೇಳಿಕೊಂಡು ಬನ್ನಿ.